‘ಲ್ಯಾಟಿನೊ ಮತ’ದ ಅಂಕಿ ಎಲ್ಲಿಂದ ಬರುತ್ತದೆ

ಟೆಕ್ಸಾಸಿನ ದಕ್ಷಿಣ ತುದಿಯಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಗೆ ಅಂಟಿಕೊಂಡು ಸ್ಟಾರ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇದೆ. ನದಿ ದಾಟಿದರೆ ಮೆಕ್ಸಿಕೊ. ಅಲ್ಲಿನ ನೂರು ಜನರಲ್ಲಿ ಸುಮಾರು 97 ಮಂದಿ ಲ್ಯಾಟಿನೊಗಳು, ಸ್ಥೂಲವಾಗಿ ಹೇಳುವುದಾದರೆ ಸ್ಪ್ಯಾನಿಷ್ ಮಾತಾಡುವ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರು. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಅಲ್ಲಿ ಶೇ 60ರಷ್ಟು ಅಂತರದಿಂದ ಗೆದ್ದರು. 2020ರಲ್ಲಿ ಜೋ ಬೈಡನ್‌ಗೆ ಸಿಕ್ಕ ಅಂತರ ಶೇ 5 ಮಾತ್ರ. 2024ರಲ್ಲಿ ಡೊನಾಲ್ಡ್ ಟ್ರಂಪ್ ಸುಮಾರು ಶೇ 16ರ ಅಂತರದಿಂದ ಗೆದ್ದರು. 1892ರ ನಂತರ ಆ ಕೌಂಟಿಯಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅಭ್ಯರ್ಥಿ ಅವರು.

ಇಷ್ಟು ಕಂಡ ಕೂಡಲೇ ‘ಲ್ಯಾಟಿನೊ ಮತ ಏಕೆ ವಾಲಿತು’ ಎಂಬ ಚರ್ಚೆ ಶುರುವಾಗುತ್ತದೆ. ಬೆಲೆಯೇರಿಕೆ, ತೈಲ ಬಾವಿಗಳ ಕೆಲಸ, ಗಡಿ ಕಾವಲು ಪಡೆಯ ನೌಕರಿ, ಇವ್ಯಾಂಜೆಲಿಕಲ್ ಚರ್ಚುಗಳು, ಸ್ಥಳೀಯ ಡೆಮಾಕ್ರಟಿಕ್ ನಾಯಕರ ಮೈಮರೆವು, ಹೀಗೆ ಕಾರಣಗಳ ಪಟ್ಟಿ ಬೆಳೆಯುತ್ತದೆ. ಒಂದೊಂದರಲ್ಲೂ ಹುರುಳಿದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಯಾರನ್ನು ಲ್ಯಾಟಿನೊ ಎಂದು ಎಣಿಸಿದ್ದಾರೆ? ಎಣಿಸಿದವರಲ್ಲಿ ಎಷ್ಟು ಮಂದಿಗೆ ಮತದ ಹಕ್ಕಿದೆ? ಮತ ಗುಪ್ತವಾಗಿರುವಾಗ ಯಾರು ಯಾರಿಗೆ ಹಾಕಿದರೆಂದು ಗೊತ್ತಾದದ್ದು ಹೇಗೆ? ಒಂದು ಶೇಕಡಾವಾರು ಅಂಕಿ ಪತ್ರಿಕೆಯ ತಲೆಬರಹಕ್ಕೆ ಬರುವ ಹೊತ್ತಿಗೆ ಹಲವು ಕೈ ದಾಟಿರುತ್ತದೆ, ಪ್ರತಿ ಕೈಯಲ್ಲೂ ಸ್ವಲ್ಪ ಸೋರಿರುತ್ತದೆ. ಸೋರಿಕೆ ಎಲ್ಲೆಲ್ಲಿ ಎಂದು ಗೊತ್ತಿದ್ದರೆ ಮಾತ್ರ ಆ ಅಂಕಿಯನ್ನು ನಂಬಬೇಕೆ ಬೇಡವೆ ಎಂದು ತೀರ್ಮಾನಿಸಬಹುದು.

ಮೊದಲ ಕೈ ಜನಗಣತಿಯ ಫಾರಂನದು. 1930ರ ಗಣತಿಯಲ್ಲಿ ‘ಮೆಕ್ಸಿಕನ್’ ಎಂಬುದನ್ನು ಒಂದು ಜನಾಂಗವಾಗಿ ಬರೆದುಕೊಂಡಿದ್ದರು. ಮೆಕ್ಸಿಕೊದಲ್ಲಿ ಹುಟ್ಟಿದವರು ಅಥವಾ ಅಲ್ಲಿ ಹುಟ್ಟಿದ ತಂದೆತಾಯಿಯ ಮಕ್ಕಳು, ಖಚಿತವಾಗಿ ಬಿಳಿಯರೋ ಕರಿಯರೋ ಅಮೆರಿಕನ್ ಇಂಡಿಯನ್ನರೋ (ಅಲ್ಲಿನ ಮೂಲನಿವಾಸಿಗಳು) ಎಂದು ಹೇಳಲಾಗದಿದ್ದರೆ, ಗಣತಿದಾರನೇ ನೋಡಿ ‘ಮೆಕ್ಸಿಕನ್’ ಎಂದು ಬರೆಯಬೇಕಿತ್ತು. ಬಿಳಿಯರಲ್ಲ ಎಂದು ಸರ್ಕಾರಿ ದಾಖಲೆಗೆ ಹೋದರೆ ಶಾಲೆ, ನೌಕರಿ, ಮನೆ ಎಲ್ಲದರಲ್ಲೂ ಪೆಟ್ಟು ಬೀಳುವ ಕಾಲ ಅದು. ಮೆಕ್ಸಿಕೊ ಸರ್ಕಾರವೂ, 1929ರಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ, ಮೆಕ್ಸಿಕನ್ ಅಮೆರಿಕನ್ನರ ಹಕ್ಕುಗಳಿಗಾಗಿ ದುಡಿಯುವ ಲ್ಯುಲ್ಯಾಕ್ ಸಂಘಟನೆಯೂ ವಿರೋಧಿಸಿದವು. 1940ರಲ್ಲಿ ಆ ವರ್ಗವನ್ನು ತೆಗೆದರು. ಮುಂದೆ ಒಂದು ಸಲ ಸ್ಪ್ಯಾನಿಷ್ ಮಾತೃಭಾಷೆಯಿಂದ, 1950 ಮತ್ತು 1960ರಲ್ಲಿ ನೈರುತ್ಯದ ಐದು ರಾಜ್ಯಗಳಲ್ಲಿ ಮಾತ್ರ ಸ್ಪ್ಯಾನಿಷ್ ಕುಲನಾಮದಿಂದ ಲೆಕ್ಕ ಹಾಕಿದರು. ನ್ಯೂಯಾರ್ಕಿನ ಪೋರ್ಟೊ ರಿಕೊದವರು, ಫ್ಲೋರಿಡಾದ ಕ್ಯೂಬನ್ನರು ಈ ಕುಲನಾಮದ ಎಣಿಕೆಯೊಳಗೆ ಬರಲೇ ಇಲ್ಲ.

1970ರಲ್ಲಿ ಮೂಲದ ಬಗ್ಗೆ ನೇರ ಪ್ರಶ್ನೆ ಬಂತು. ಆದರೆ ನಿರ್ಧಾರ ತಡವಾಗಿ ಆದದ್ದರಿಂದ, ಉಳಿದ ಫಾರಂಗಳು ಆಗಲೇ ಅಚ್ಚಾಗಿದ್ದವು. ಶೇ 5ರಷ್ಟು ಮನೆಗಳಿಗೆ ಹೋಗುವ ಮಾದರಿ ಫಾರಂನಲ್ಲಷ್ಟೇ ಅದನ್ನು ಸೇರಿಸಲಾಯಿತು. ಆಯ್ಕೆಗಳಲ್ಲಿ ಒಂದು ‘ಸೆಂಟ್ರಲ್ ಅಥವಾ ಸೌತ್ ಅಮೆರಿಕನ್’. ಗ್ವಾಟೆಮಾಲಾ, ಕೊಲಂಬಿಯಾ ಕಡೆಯವರಿಗಾಗಿ ಇಟ್ಟದ್ದು. ಅಮೆರಿಕದ ಮಧ್ಯಭಾಗದ, ದಕ್ಷಿಣ ರಾಜ್ಯಗಳ ಎಷ್ಟೋ ಮಂದಿ ‘ನಾವು ಅಮೆರಿಕದ ದಕ್ಷಿಣದವರೇ ತಾನೆ’ ಎಂದು ಅದಕ್ಕೇ ಗುರುತು ಹಾಕಿದರು. ಸಮೀಕ್ಷೆಯ ಪಾಠ ಹೇಳುವವರು ಇಂದಿಗೂ ಎತ್ತಿಕೊಳ್ಳುವ ಉದಾಹರಣೆ ಇದು. ಪ್ರಶ್ನೆ ಬರೆದವನ ಮನಸ್ಸಿನಲ್ಲಿದ್ದ ಅರ್ಥ, ಉತ್ತರಿಸುವವನಿಗೆ ತಲುಪುವುದು ಕಾಗದದ ಮೇಲಿರುವ ಅಕ್ಷರಗಳ ಮೂಲಕ ಮಾತ್ರ.

1976ರ ಜೂನ್‌ನಲ್ಲಿ, ಲಾಸ್ ಏಂಜಲೀಸಿನ ಸಂಸದ ಎಡ್ವರ್ಡ್ ರೊಯ್‌ಬಾಲ್ ಅವರ ಪ್ರಯತ್ನದಿಂದ, ಸ್ಪ್ಯಾನಿಷ್ ಮೂಲದವರ ಬಗ್ಗೆ ಅಂಕಿಅಂಶ ಸಂಗ್ರಹಿಸಲೇಬೇಕೆಂಬ ಕಾನೂನು ಬಂತು. 1980ರಲ್ಲಿ ಎಲ್ಲ ಮನೆಗಳಿಗೂ ಪ್ರಶ್ನೆ ಹೋಯಿತು, 1.46 ಕೋಟಿ ಜನ ಸಿಕ್ಕರು. 2020ರಲ್ಲಿ ಅದು 6.21 ಕೋಟಿ. ಈ ಏರಿಕೆಯ ಹಿಂದೆ ವಲಸೆ ಇದೆ, ಹೆರಿಗೆಗಳಿವೆ. ಎಣಿಸುವ ವಿಧಾನ ಸುಧಾರಿಸಿದ್ದೂ ಇದೆ.

ಈ ವರ್ಗ ಹುಟ್ಟಿದ ಬಗೆಯನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನಾ ಮೋರಾ ಬಿಡಿಸಿ ತೋರಿಸಿದ್ದಾರೆ. ವಾಷಿಂಗ್ಟನ್ನಿನಿಂದ ಅನುದಾನ ಪಡೆಯಲು ಹೋರಾಟಗಾರರಿಗೆ ರಾಷ್ಟ್ರಮಟ್ಟದ ಸಂಖ್ಯೆ ಬೇಕಿತ್ತು. ಫಾರಂ ತುಂಬಿಸಲು ಗಣತಿ ಇಲಾಖೆಗೆ ಸಮುದಾಯದ ವಿಶ್ವಾಸ ಬೇಕಿತ್ತು. ಜಾಹೀರಾತು ಮಾರಲು ಸ್ಪ್ಯಾನಿಷ್ ಟೀವಿ ಜಾಲಕ್ಕೆ ದೇಶಾದ್ಯಂತ ಹಬ್ಬಿದ ಒಂದೇ ಪ್ರೇಕ್ಷಕವರ್ಗ ಬೇಕಿತ್ತು. ಮೂವರೂ ಒಬ್ಬರನ್ನೊಬ್ಬರು ಆಧರಿಸಿದರು, ಗುಂಪಿನ ವ್ಯಾಖ್ಯಾನ ಸಡಿಲವಾಗಿಯೇ ಉಳಿಯಲೆಂದು ಬಿಟ್ಟರು. ಮೋರಾ ಅವರಿಗೂ ಮೊದಲು, 1980ರ ದಶಕದಲ್ಲಿ, ಸಮಾಜಶಾಸ್ತ್ರಜ್ಞ ಫೀಲಿಕ್ಸ್ ಪಾಡಿಯಾ ಶಿಕಾಗೊವನ್ನು ಅಧ್ಯಯನ ಮಾಡಿ ಇನ್ನೊಂದು ಮಾತು ಹೇಳಿದ್ದರು. ಅಲ್ಲಿ ಮೆಕ್ಸಿಕನ್ನರು, ಪೋರ್ಟೊ ರಿಕೊದವರು ಬೇರೆ ಬೇರೆ ಬಡಾವಣೆಗಳಲ್ಲಿ, ತಮ್ಮ ತಮ್ಮ ಚರ್ಚು, ಅಂಗಡಿ, ಸಂಘಗಳೊಡನೆ ಇದ್ದರು. ದೂರವಾಣಿ ಕಂಪನಿಯಲ್ಲಿ ಕೆಲಸ ಕೇಳುವಂಥ ಸಂದರ್ಭ ಬಂದಾಗ ‘ಲ್ಯಾಟಿನೊ’ ಎಂದು ಒಂದಾದರು. ಕೆಲಸ ಮುಗಿದ ಮೇಲೆ ಮತ್ತೆ ತಮ್ಮ ತಮ್ಮ ಗುರುತಿಗೆ ಮರಳಿದರು. ಮನೆಯಲ್ಲಿ ಒಂದು ಗುರುತು, ಬೇಡಿಕೆಯ ಮುಂದೆ ಇನ್ನೊಂದು ಗುರುತು. ಎರಡರಲ್ಲೂ ಸುಳ್ಳಿಲ್ಲ.

ಗುರುತು ಎಷ್ಟು ಸಡಿಲ ಎಂಬುದಕ್ಕೆ ಗಣತಿ ಇಲಾಖೆಯ ಕಣ್ತಪ್ಪೊಂದು ಸಾಕ್ಷಿ ಒದಗಿಸಿತು. ಸರ್ಕಾರಿ ವ್ಯಾಖ್ಯಾನದಲ್ಲಿ ಪೋರ್ಚುಗೀಸ್ ಮಾತಾಡುವ ಬ್ರೆಜಿಲ್ ಸೇರುವುದಿಲ್ಲ. ಬ್ರೆಜಿಲ್ ಮೂಲದವರು ‘ಹೌದು, ಲ್ಯಾಟಿನೊ’ ಎಂದು ಗುರುತು ಹಾಕಿ ‘ಬ್ರೆಜಿಲಿಯನ್’ ಎಂದು ಬರೆದರೆ, ಸಂಸ್ಕರಣೆಯ ಹಂತದಲ್ಲಿ ಅದನ್ನು ‘ಅಲ್ಲ’ ಎಂದು ತಿದ್ದಲಾಗುತ್ತದೆ. 2020ರ ವಾರ್ಷಿಕ ಸಮೀಕ್ಷೆಯಲ್ಲಿ ಈ ತಿದ್ದುಪಡಿ ತಪ್ಪಿಹೋಯಿತು. ಆಗ ಕನಿಷ್ಠ 4,16,000 ಬ್ರೆಜಿಲಿಯನ್ನರು, ಅಂದರೆ ಅಲ್ಲಿರುವ ಬ್ರೆಜಿಲಿಯನ್ನರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಮಂದಿ, ತಮ್ಮನ್ನು ಲ್ಯಾಟಿನೊ ಎಂದು ಕರೆದುಕೊಂಡದ್ದು ಹೊರಬಿತ್ತು. ಹಿಂದಿನ ವರ್ಷದ ಲೆಕ್ಕದಲ್ಲಿ ಇವರು ಸುಮಾರು 14,000, ಮುಂದಿನ ವರ್ಷ ತಿದ್ದುಪಡಿ ಮರಳಿದಾಗ 16,000.

ಜನಾಂಗದ ಪ್ರಶ್ನೆಯದು ಇನ್ನೊಂದು ಗೋಜಲು. ಇದುವರೆಗೆ ಲ್ಯಾಟಿನೊ ಮೂಲದ ಪ್ರಶ್ನೆ ಬೇರೆ, ಜನಾಂಗದ ಪ್ರಶ್ನೆ ಬೇರೆ. 2020ರಲ್ಲಿ ಲ್ಯಾಟಿನೊಗಳಲ್ಲಿ ಶೇ 42ರಷ್ಟು ಮಂದಿ ಜನಾಂಗದ ಜಾಗದಲ್ಲಿ ‘ಇನ್ನಿತರ’ ಎಂಬುದನ್ನಷ್ಟೇ ಆರಿಸಿದರು. ‘ಬಿಳಿಯ’ ಎಂಬುದೊಂದನ್ನೇ ಆರಿಸಿದವರು 2010ರಲ್ಲಿ ಶೇ 53 ಇದ್ದವರು 2020ರಲ್ಲಿ ಶೇ 20ಕ್ಕೆ ಇಳಿದರು. ಹತ್ತೇ ವರ್ಷದಲ್ಲಿ ಇಷ್ಟು ಜನ ಮನಸ್ಸು ಬದಲಿಸಿದರೆಂದು ಓದುವುದು ದೊಡ್ಡ ತಪ್ಪು. ಫಾರಂನಲ್ಲಿ ಮೂಲ ಬರೆಯಲು ಹೊಸ ಜಾಗ ಬಂದಿತ್ತು, ಬರೆದದ್ದರಲ್ಲಿ ಮೊದಲ 30 ಅಕ್ಷರಗಳ ಬದಲು 200 ಅಕ್ಷರಗಳನ್ನು ಓದಿಕೊಂಡರು, ಎರಡರ ಬದಲು ಆರು ಸಂಕೇತಗಳವರೆಗೆ ಕೊಟ್ಟರು. ಅಂಕಿ ಕುಣಿದದ್ದರಲ್ಲಿ ಬಹುಪಾಲು ಇದರಿಂದ.

ಇನ್ನು ಎಣಿಕೆಯಿಂದ ಬಿಟ್ಟುಹೋದವರ ವಿಷಯ. ಗಣತಿ ಮುಗಿದ ಮೇಲೆ ಇಲಾಖೆಯೇ ನಡೆಸುವ ಮರುಪರಿಶೀಲನೆಯ ಪ್ರಕಾರ 2010ರಲ್ಲಿ ಲ್ಯಾಟಿನೊಗಳ ಕೊರತೆ ಶೇ 1.54, 2020ರಲ್ಲಿ ಶೇ 4.99. ಒಂದೇ ಮನೆಯಲ್ಲಿ ಎರಡು ಮೂರು ಕುಟುಂಬ, ಫಾರಂ ತುಂಬಿದವರು ತೋಳಿನ ಕೂಸನ್ನು ಬರೆಯದೆ ಬಿಟ್ಟದ್ದು, ಗ್ಯಾರೇಜಿನಲ್ಲಿ ಬಾಡಿಗೆಗಿರುವವರಿಗೆ ಪ್ರತ್ಯೇಕ ವಿಳಾಸವೇ ಇಲ್ಲದ್ದು, ಹೀಗೆ ಹಳೆಯ ಕಾರಣಗಳು ಇದ್ದೇ ಇದ್ದವು. 2020ರಲ್ಲಿ ಕೋವಿಡ್ ಸೇರಿತು. ಪೌರತ್ವದ ಪ್ರಶ್ನೆ ಸೇರಿಸುವ ಪ್ರಯತ್ನವನ್ನು 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಡೆದಿತ್ತು. ಪ್ರಶ್ನೆ ಬರಲಿಲ್ಲ, ಭಯ ಮಾತ್ರ ಮನೆಗಳೊಳಗೆ ಉಳಿದುಕೊಂಡಿತು.

ಲ್ಯಾಟಿನೊ ಪದಕ್ಕೆ ಗಂಡು ಹೆಣ್ಣು ಭೇದವಿಲ್ಲದ ರೂಪವಾಗಿ ಬಂದ ಲ್ಯಾಟಿನ್ಎಕ್ಸ್ ಎಂಬ ಪದದ ಬಗ್ಗೆ ಒಂದೇ ಮಾತು. ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ, ಪ್ರಬಂಧಗಳಲ್ಲಿ ಅದು ನೆಲೆಯೂರಿದೆ. ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ ಅದನ್ನು ತಮ್ಮ ಗುರುತಾಗಿ ಬಳಸುವೆವೆಂದವರು 2019ರ ಕೊನೆಯಲ್ಲಿ ಶೇ 3, ಕೆಲ ವರ್ಷಗಳ ನಂತರ ಶೇ 4. ಇಲ್ಲಿ ಲ್ಯಾಟಿನೊ ಎಂದೇ ಬರೆದಿರುವುದು ಅದಕ್ಕಾಗಿ.

ಎರಡನೆಯ ಕೈ: ಜನರಿಂದ ಮತದಾರರಿಗೆ ಇಳಿಯುವ ಲೆಕ್ಕ. ಆರೂವರೆ ಕೋಟಿಯಷ್ಟು ಲ್ಯಾಟಿನೊಗಳಲ್ಲಿ 2024ರಲ್ಲಿ ಮತದ ಅರ್ಹತೆ ಇದ್ದವರು 3.62 ಕೋಟಿ. ಉಳಿದವರು ಹದಿನೆಂಟು ತುಂಬದವರು ಅಥವಾ ಪೌರತ್ವ ಇಲ್ಲದವರು. ಇದು ಒಂದು ಕ್ಷೇತ್ರದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಕಾಲ್ಪನಿಕ ಲೆಕ್ಕವೊಂದನ್ನು ಹಾಕೋಣ. ಒಂದು ಲಕ್ಷ ಜನರ ಕ್ಷೇತ್ರ, ಅದರಲ್ಲಿ 60,000 ಲ್ಯಾಟಿನೊಗಳು. ಮಕ್ಕಳು 18,000 ಕಳೆಯಿರಿ, ಪೌರರಲ್ಲದ ವಯಸ್ಕರು 12,000 ಕಳೆಯಿರಿ, ಉಳಿದದ್ದು 30,000. ಇತರ 40,000 ಜನರಲ್ಲಿ ಮಕ್ಕಳು 9,000, ಪೌರರಲ್ಲದವರು 2,000, ಉಳಿದದ್ದು 29,000. ಜನಸಂಖ್ಯೆಯಲ್ಲಿ ಶೇ 60 ಇದ್ದವರು ಅರ್ಹ ಮತದಾರರಲ್ಲಿ ಶೇ 51ಕ್ಕೆ ಬಂದರು. ಈ 30,000ದಲ್ಲಿ 18,000 ಮಂದಿ ನೋಂದಾಯಿಸಿ 9,000 ಮಂದಿ ಬಂದರೆ, ಆ ಕಡೆ 22,000 ನೋಂದಾಯಿಸಿ 14,500 ಬಂದರೆ, ಮತ ಹಾಕಿದವರಲ್ಲಿ ಲ್ಯಾಟಿನೊಗಳ ಪಾಲು ಶೇ 38. ನಕ್ಷೆಯ ಮೇಲೆ ಅದು ‘ಲ್ಯಾಟಿನೊ ಬಹುಸಂಖ್ಯಾತ ಕ್ಷೇತ್ರ’. ಗೆಲ್ಲಿಸುವವರು ಬೇರೆ.

ಇದು ಬರೀ ಕಾಗದದ ಲೆಕ್ಕವಲ್ಲ. 2003ರಲ್ಲಿ ಟೆಕ್ಸಾಸ್ ಶಾಸನಸಭೆ ತನ್ನ 23ನೇ ಸಂಸತ್ ಕ್ಷೇತ್ರದ ಗೆರೆ ಬದಲಿಸಿತು. ಅಲ್ಲಿನ ರಿಪಬ್ಲಿಕನ್ ಸಂಸದ ಹೆನ್ರಿ ಬೊನಿಯಾ ಸ್ವತಃ ಲ್ಯಾಟಿನೊ, ಆದರೆ ಲ್ಯಾಟಿನೊ ಮತದಾರರ ಬೆಂಬಲ ಅವರಿಗೆ ಕರಗುತ್ತಿತ್ತು. ಲರೆಡೊ ಪಟ್ಟಣದ ಕಡೆಯ ಸುಮಾರು ಒಂದು ಲಕ್ಷ ಜನರನ್ನು ಹೊರಗಿಟ್ಟರು. ಹೊಸ ಕ್ಷೇತ್ರದಲ್ಲಿ ವಯಸ್ಕರ ಲೆಕ್ಕದಲ್ಲಿ ಲ್ಯಾಟಿನೊಗಳು ಶೇ 50.9, ಅಂದರೆ ಹೆಸರಿಗೆ ಬಹುಮತ. ಪೌರತ್ವವಿರುವ ವಯಸ್ಕರ ಲೆಕ್ಕದಲ್ಲಿ ಶೇ 57.5ರಿಂದ ಶೇ 46ಕ್ಕೆ ಕುಸಿದಿದ್ದರು. ಬದಲಿಗೆ ಇನ್ನೊಂದು ಲ್ಯಾಟಿನೊ ಕ್ಷೇತ್ರ ಕೊಟ್ಟಿದ್ದೇವೆ ಎಂದು ಸರ್ಕಾರ ವಾದಿಸಿತು. ಆ 25ನೇ ಕ್ಷೇತ್ರ ಆಸ್ಟಿನ್ ನಗರದಿಂದ ಮೆಕ್ಸಿಕೊ ಗಡಿಯವರೆಗೆ ಉದ್ದದ ಪಟ್ಟಿ. ಎರಡು ತುದಿಯ ಸಮುದಾಯಗಳ ನಡುವೆ 300 ಮೈಲಿ ಅಂತರ, ಬದುಕಿನ ಅಗತ್ಯಗಳೂ ಅಷ್ಟೇ ದೂರ. ಲ್ಯುಲ್ಯಾಕ್ ಹೂಡಿದ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ.

ನಮ್ಮಲ್ಲಿರುವ ಮೀಸಲು ಕ್ಷೇತ್ರದ ಪದ್ಧತಿ ಅಲ್ಲಿಲ್ಲ. ಯಾವ ಕ್ಷೇತ್ರದಲ್ಲಾದರೂ ಯಾವ ಸಮುದಾಯದವರಾದರೂ ನಿಲ್ಲಬಹುದು. ಅಲ್ಪಸಂಖ್ಯಾತರ ಪ್ರಾತಿನಿಧ್ಯಕ್ಕೆ ರಕ್ಷಣೆ ಸಿಗುತ್ತ ಬಂದದ್ದು ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ. 1965ರ ಮತದಾನ ಹಕ್ಕು ಕಾಯ್ದೆಯ 2ನೇ ಕಲಂ ಅಡಿಯಲ್ಲಿ, 1986ರ ತೀರ್ಪೊಂದು ಮೂರು ಸಂಗತಿ ಸಾಬೀತಾಗಬೇಕೆಂದಿತು. ಗುಂಪು ಸಾಕಷ್ಟು ದೊಡ್ಡದಾಗಿ ಒತ್ತಾಗಿ ವಾಸಿಸುತ್ತಿರಬೇಕು, ಒಗ್ಗಟ್ಟಾಗಿ ಮತ ಹಾಕುತ್ತಿರಬೇಕು, ಬಹುಸಂಖ್ಯಾತರು ಎದುರು ಒಗ್ಗಟ್ಟಾಗಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು. 2025ರ ಅಕ್ಟೋಬರ್‌ನಲ್ಲಿ ಲೂಸಿಯಾನಾ ರಾಜ್ಯದ ಪ್ರಕರಣದಲ್ಲಿ ಇದೇ ಕಲಮಿನ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಮರುವಾದ ನಡೆಯಿತು.

‘ಒಗ್ಗಟ್ಟಾಗಿ ಮತ ಹಾಕುತ್ತಾರೆ’ ಎಂದು ಗುಪ್ತ ಮತದಾನದಲ್ಲಿ ತೋರಿಸುವುದು ಹೇಗೆ? ಅಂಕಿ ದಾಟುವ ಮೂರನೆಯ ಕೈ ಇದು, ವಿದ್ವಾಂಸರ ನಿಜವಾದ ಬೆವರು ಹರಿಯುವುದು ಇಲ್ಲಿ. ಮೊದಲು ಮತಗಟ್ಟೆವಾರು ಫಲಿತಾಂಶ ತೆಗೆದುಕೊಳ್ಳಬೇಕು. ಆಮೇಲೆ ಪ್ರತಿ ಮತಗಟ್ಟೆಯಲ್ಲಿ ಲ್ಯಾಟಿನೊ ಮತದಾರರ ಪಾಲು ಎಷ್ಟೆಂದು ಕಂಡುಹಿಡಿಯಬೇಕು. ಹತ್ತು ವರ್ಷದ ಗಣತಿ ಪೌರತ್ವ ಕೇಳುವುದಿಲ್ಲ. ಕೇಳುವುದು ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಅಮೆರಿಕನ್ ಕಮ್ಯುನಿಟಿ ಸರ್ವೆ. ಚಿಕ್ಕ ಪ್ರದೇಶಕ್ಕೆ ಅದರ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿಯೇ ಬಳಸಬೇಕು, ಹಾಗೆ ಮಾಡಿದರೂ ದೋಷದ ಅಂತರ ದೊಡ್ಡದೇ. ಸಮೀಕ್ಷೆಯ ಗಡಿಗಳೂ ಮತಗಟ್ಟೆಯ ಗಡಿಗಳೂ ಹೊಂದುವುದಿಲ್ಲವಾದ್ದರಿಂದ ಅಂಕಿಗಳನ್ನು ಒಡೆದು ಹಂಚಬೇಕು. ಕೊನೆಗೆ ಲ್ಯಾಟಿನೊ ಪಾಲು ಏರಿದಂತೆ ಒಬ್ಬ ಅಭ್ಯರ್ಥಿಯ ಮತ ಹೇಗೆ ಏರುತ್ತದೆಂದು ನೋಡಿ ಒಳಗಿನ ಚಿತ್ರ ಊಹಿಸಬೇಕು. 1997ರಲ್ಲಿ ಗ್ಯಾರಿ ಕಿಂಗ್ ಕೊಟ್ಟ ಲೆಕ್ಕಾಚಾರದ ವಿಧಾನ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಶೇ 90ಕ್ಕೂ ಹೆಚ್ಚು ಲ್ಯಾಟಿನೊಗಳಿರುವ ಮತಗಟ್ಟೆಗಳಿದ್ದರೆ ಉತ್ತರ ಗಟ್ಟಿ. ಎಲ್ಲ ಮತಗಟ್ಟೆಗಳೂ ಶೇ 30, ಶೇ 40ರ ಸುತ್ತಲೇ ಇದ್ದರೆ ಉತ್ತರ ತೂಗಾಡುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಲಾರದು.

ಇನ್ನೊಂದು ದಾರಿ ಕುಲನಾಮ. ಗಣತಿ ಇಲಾಖೆ ಸಿದ್ಧಪಡಿಸಿದ ಸುಮಾರು 12,000 ಸ್ಪ್ಯಾನಿಷ್ ಕುಲನಾಮಗಳ ಪಟ್ಟಿಯನ್ನು ಮತದಾರರ ಪಟ್ಟಿಗೆ ಹೊಂದಿಸುವುದು. ಗಾರ್ಸಿಯಾ, ಹೆರ್ನಾಂಡೆಸ್ ಎಂದರೆ ಬಹುತೇಕ ಸರಿ. ಆದರೆ ಮಾರ್ಟಿನ್ ಎಂಬುದು ಇಂಗ್ಲಿಷರದ್ದೂ ಹೌದು. ಮದುವೆಯಾಗಿ ಹೆಸರು ಬದಲಿಸಿದ ಹೆಂಗಸರು ಎರಡೂ ದಿಕ್ಕಿಗೆ ತಪ್ಪುತ್ತಾರೆ. ಫಿಲಿಪ್ಪೀನ್ಸಿನವರಿಗೆ ವಸಾಹತು ಕಾಲದ ಸ್ಪ್ಯಾನಿಷ್ ಹೆಸರುಗಳಿವೆ. ಕರಾವಳಿಯ ಓದುಗರಿಗೆ ಈ ತೊಡಕು ಬೇಗ ಹೊಳೆಯುತ್ತದೆ: ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರ ಫೆರ್ನಾಂಡಿಸ್, ರೊಡ್ರಿಗಸ್, ಪಿಂಟೊ ಎಂಬ ಪೋರ್ಚುಗೀಸ್ ಮೂಲದ ಹೆಸರುಗಳು ಸ್ಪ್ಯಾನಿಷ್ ಹೆಸರುಗಳ ಒಡಹುಟ್ಟುಗಳು. ರೋಮನ್ ಲಿಪಿಯಲ್ಲಿ ಸ್ಪ್ಯಾನಿಷ್ ರೂಪ ‘ಝಡ್’ನಿಂದ ಮುಗಿದರೆ ಪೋರ್ಚುಗೀಸ್ ರೂಪ ‘ಎಸ್’ನಿಂದ ಮುಗಿಯುತ್ತದೆ, ಪಿಂಟೊದಲ್ಲಿ ಆ ಭೇದವೂ ಇಲ್ಲ. ಅಮೆರಿಕದ ಪೌರರಾದ ಮಂಗಳೂರಿನ ಪಿಂಟೊ ಒಬ್ಬರನ್ನು ಬರೀ ಹೆಸರು ನೋಡುವ ಯಂತ್ರ ಎಲ್ಲಿ ಬೇಕಾದರೂ ಸೇರಿಸೀತು. ಅದಕ್ಕೇ ಈಗ ಹೆಸರಿನ ಜತೆ ವಿಳಾಸವನ್ನೂ ಕೂಡಿಸಿ ಸಂಭಾವ್ಯತೆ ಲೆಕ್ಕ ಹಾಕುತ್ತಾರೆ. ಲ್ಯಾಟಿನೊ ಬಡಾವಣೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬೆರಕೆ ಉಪನಗರಗಳಲ್ಲಿ ಸೋಲುತ್ತದೆ.

ಟೀವಿಯಲ್ಲಿ ರಾತ್ರಿಯೇ ಬರುವ ಅಂಕಿ ಎಕ್ಸಿಟ್ ಪೋಲಿನದು. ಅದರ ಮತಗಟ್ಟೆಗಳ ಆಯ್ಕೆ ಇಡೀ ರಾಜ್ಯದ ಫಲಿತಾಂಶ ಸರಿಯಾಗಿ ಹೇಳಲೆಂದು ಆಗಿರುತ್ತದೆ, ಲ್ಯಾಟಿನೊಗಳನ್ನು ಸರಿಯಾಗಿ ಪ್ರತಿನಿಧಿಸಲೆಂದಲ್ಲ. ಬೆರಕೆ ಬಡಾವಣೆಯಲ್ಲಿರುವ, ಇಂಗ್ಲಿಷ್ ಬಲ್ಲ, ಹೆಚ್ಚು ಓದಿದ ಲ್ಯಾಟಿನೊಗಳು ಅದರಲ್ಲಿ ಹೆಚ್ಚು ಸಿಗುತ್ತಾರೆ. 2004ರಲ್ಲಿ ಜಾರ್ಜ್ ಬುಷ್‌ಗೆ ಶೇ 44 ಲ್ಯಾಟಿನೊ ಮತ ಎಂದು ಪ್ರಕಟವಾಯಿತು, ಮರುಪರಿಶೀಲಿಸಿದವರು ಅದು ಶೇ 40ರ ಆಸುಪಾಸು ಎಂದರು.  ಮತ ಹಾಕಿದ್ದು ದಾಖಲೆಯಿಂದ ಖಚಿತವಾದವರ ಉತ್ತರಗಳನ್ನಷ್ಟೇ ಎಣಿಸುವ ಪ್ಯೂ ವಿಶ್ಲೇಷಣೆ ನಿಧಾನ, ಆದರೆ ಹೆಚ್ಚು ನಂಬಬಹುದು. ಅದರ ಪ್ರಕಾರ 2020ರಲ್ಲಿ ಬೈಡನ್ 61, ಟ್ರಂಪ್ 36. 2024ರಲ್ಲಿ ಕಮಲಾ ಹ್ಯಾರಿಸ್ 51, ಟ್ರಂಪ್ 48. ವಾಲಿದ್ದು ನಿಜ. ಆದರೆ ಹಿಂದೆ ಹಾಕಿದವರು ಪಕ್ಷ ಬದಲಿಸಿದ್ದೆಷ್ಟು, ಹಿಂದೆ ಹಾಕದವರು ಹೊಸದಾಗಿ ಬಂದದ್ದೆಷ್ಟು, ಹಾಕುತ್ತಿದ್ದವರು ಮನೆಯಲ್ಲೇ ಉಳಿದದ್ದೆಷ್ಟು ಎಂದು ಬಿಡಿಸದೆ ಅದನ್ನು ‘ಮನಸ್ಸಿನ ಬದಲಾವಣೆ’ ಎನ್ನಬಾರದು. ಪ್ರತಿ ವರ್ಷ ಸರಾಸರಿ 14 ಲಕ್ಷ ಲ್ಯಾಟಿನೊಗಳು ಹೊಸದಾಗಿ ಅರ್ಹರಾಗುತ್ತಾರೆ, ಬಹುಪಾಲು ಹದಿನೆಂಟು ತುಂಬಿದವರು. ನಾಲ್ಕು ವರ್ಷಕ್ಕೊಮ್ಮೆ ಮತದಾರರ ಗುಂಪೇ ಬೇರೆಯಾಗಿರುತ್ತದೆ.

ಅಂಕಿಗಳು ಇಷ್ಟೆಲ್ಲ ಹೇಳಿದರೂ, ಜನರಿಗೆ ಏನು ಬೇಕು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮ ಭಾಗಕ್ಕೆ ಹೋಗಬೇಕು.

1970ರ ದಶಕದ ಆರಂಭ. ಮೆಕ್ಸಿಕನ್ ಅಮೆರಿಕನ್ನರು ತುಂಬಿದ ತಗ್ಗು ಪ್ರದೇಶ, ಡಾಂಬರಿಲ್ಲದ ಬೀದಿಗಳು. ಮಳೆ ಬಂದರೆ ನೀರು ಮನೆಯೊಳಗೆ. ನಗರಸಭೆಯ ಒಂಬತ್ತೂ ಸದಸ್ಯರನ್ನು ಇಡೀ ನಗರ ಸೇರಿ ಆರಿಸುತ್ತಿತ್ತು, ವಾರ್ಡುಗಳಿರಲಿಲ್ಲ. ಈ ಪದ್ಧತಿಯಲ್ಲಿ ಶೇ 51 ಮತ ಕೈಲಿದ್ದವರು ಒಂಬತ್ತಕ್ಕೆ ಒಂಬತ್ತೂ ಸ್ಥಾನ ಗೆಲ್ಲಬಹುದು. ಶೇ 49 ಇದ್ದವರಿಗೆ ಒಂದೂ ಇಲ್ಲ. 1955ರಿಂದ ಇಪ್ಪತ್ತು ವರ್ಷ ಗುಡ್ ಗವರ್ನಮೆಂಟ್ ಲೀಗ್ ಎಂಬ ಉತ್ತರ ಭಾಗದ ಸಿರಿವಂತರ ಕೂಟದ ಪಟ್ಟಿಯೇ ಹೆಚ್ಚುಕಡಿಮೆ ಪ್ರತಿ ಸಲ ಗೆಲ್ಲುತ್ತಿತ್ತು. ಅದರಲ್ಲಿ ಮೆಕ್ಸಿಕನ್ ಹೆಸರುಗಳೂ ಇರುತ್ತಿದ್ದವು, ಪಶ್ಚಿಮ ಭಾಗ ಆರಿಸಿದ ಹೆಸರುಗಳಲ್ಲ.

ಶಿಕಾಗೊದಲ್ಲಿ ಸಂಘಟನೆಯ ತರಬೇತಿ ಪಡೆದು ಊರಿಗೆ ಮರಳಿದ ಅರ್ನೆಸ್ಟೊ ಕೊರ್ಟೆಸ್ ಭಾಷಣದಿಂದ ಶುರುಮಾಡಲಿಲ್ಲ. ಕ್ಯಾಥೊಲಿಕ್ ಪ್ಯಾರಿಷ್‌ಗಳ (ಒಂದೊಂದು ಚರ್ಚಿಗೆ ಸೇರಿದ ಭಕ್ತ ಸಮುದಾಯಗಳ) ಪಾದ್ರಿಗಳ ಬಳಿ ಹೋಗಿ, ಚರ್ಚಿನ ಜಾತ್ರೆ ನಡೆಸುವವರು ಯಾರು, ಶಾಲೆಯ ಪಾಲಕರ ಸಂಘದಲ್ಲಿ ದುಡಿಯುವವರು ಯಾರು ಎಂದು ಕೇಳಿದರು. ಹೆಚ್ಚಿನವರು ಹೆಂಗಸರು. ಒಬ್ಬೊಬ್ಬರೊಡನೆ ಮುಖಾಮುಖಿ ಕೂತು ಮಾತು. ಪಕ್ಷದ ಮಾತಿಲ್ಲ, ಸಹಿ ಸಂಗ್ರಹವಿಲ್ಲ. ‘ನಿಮ್ಮನ್ನು ಕಾಡುವುದೇನು’ ಎಂಬುದಷ್ಟೇ ಪ್ರಶ್ನೆ. ಆಮೇಲೆ ಹತ್ತಾರು ಜನರ ಮನೆ ಸಭೆಗಳು. ಪೊಲೀಸರ ದಬ್ಬಾಳಿಕೆ, ತಾರತಮ್ಯ ಎಂಬ ಉತ್ತರಗಳನ್ನು ಹೊರಗಿನವರು ನಿರೀಕ್ಷಿಸುತ್ತಿದ್ದರು. ಮತ್ತೆ ಮತ್ತೆ ಬಂದ ಉತ್ತರ: ಚರಂಡಿ. ಮಳೆನೀರು. ಮಕ್ಕಳು ಶಾಲೆಗೆ ಹೋಗುವ ದಾರಿ.

ಮುಂದಿನ ಹೆಜ್ಜೆ ಕಡತ. ಹೀಗೆ ರೂಪುಗೊಂಡ ಸಂಘಟನೆಯ ಸದಸ್ಯರೇ ನಗರಸಭೆಗೆ ಹೋಗಿ ಹಳೆಯ ದಾಖಲೆ ತೆರೆದರು. 1945ರ ಯೋಜನೆಯಲ್ಲೇ ಇದ್ದ ಚರಂಡಿ ಕಾಮಗಾರಿಗಳು ಮೂವತ್ತು ವರ್ಷವಾದರೂ ನಡೆದಿರಲಿಲ್ಲ. 1974ರ ಆಗಸ್ಟ್‌ನಲ್ಲಿ ಮಳೆ ಸುರಿದು ಪ್ರವಾಹ ಬಂದಾಗ, ನೂರಾರು ಜನ ನಗರಾಡಳಿತದ ಮುಖ್ಯ ಅಧಿಕಾರಿಯನ್ನು ತಮ್ಮ ಬಡಾವಣೆಯ ಸಭೆಗೆ ಕರೆಸಿ ಆ ಕಡತದ ಪ್ರತಿಯನ್ನೇ ಮುಂದಿಟ್ಟರು. ನವೆಂಬರಿನಲ್ಲಿ, ಕಾಮಗಾರಿಗಾಗಿ ನಗರ ಸಾಲ ಎತ್ತುವ ಸುಮಾರು 4.6 ಕೋಟಿ ಡಾಲರಿನ ಬಾಂಡ್‌ಗೆ ಮತದಾರರ ಒಪ್ಪಿಗೆ ಸಿಕ್ಕಿತು. ಕಾಪ್ಸ್ (ಕಮ್ಯುನಿಟೀಸ್ ಆರ್ಗನೈಜ್ಡ್ ಫಾರ್ ಪಬ್ಲಿಕ್ ಸರ್ವಿಸ್) ಎಂದು ಚಿಕ್ಕದಾಗಿ ಕರೆಯುವ ಈ ಸಂಘಟನೆಯ ಮೊದಲ ಅಧ್ಯಕ್ಷ ಆಂಡ್ರೆಸ್ ಸರಾಬಿಯಾ. 1975ರಲ್ಲಿ ಸದಸ್ಯರು ನಗರದ ದೊಡ್ಡ ಬಟ್ಟೆ ಅಂಗಡಿಗೆ ಸಾಲುಗಟ್ಟಿ ಹೋಗಿ ದಿನವಿಡೀ ಬಟ್ಟೆ ತೊಟ್ಟು ನೋಡಿದರು, ಬ್ಯಾಂಕಿನಲ್ಲಿ ನೋಟು ಕೊಟ್ಟು ಚಿಲ್ಲರೆ, ಚಿಲ್ಲರೆ ಕೊಟ್ಟು ನೋಟು ಮಾಡಿಸಿಕೊಂಡರು. ಯಾವ ಕಾನೂನೂ ಮುರಿಯಲಿಲ್ಲ, ವಹಿವಾಟು ಮಾತ್ರ ನಿಂತುಹೋಯಿತು. ನಗರದ ಬಜೆಟ್ ಮೇಲೆ ಹಿಡಿತವಿದ್ದ ವ್ಯಾಪಾರಿಗಳು ಮಾತುಕತೆಗೆ ಬರಲೆಂದು ಮಾಡಿದ ಉಪಾಯವದು.

ಅವರ ಚುನಾವಣಾ ಸಭೆಗಳ ಕ್ರಮವೂ ಗಮನಿಸತಕ್ಕದ್ದು. ವೇದಿಕೆ ಜನರದ್ದು, ಅಭ್ಯರ್ಥಿ ಅತಿಥಿ. ಸಂಘಟನೆ ಯಾರಿಗೂ ಬೆಂಬಲ ಘೋಷಿಸುವುದಿಲ್ಲ. ನಿರ್ದಿಷ್ಟ ಬೇಡಿಕೆ ಓದಿ, ಮಾಡುವಿರೋ ಇಲ್ಲವೋ ಎಂದು ಕೇಳಿ, ಉತ್ತರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ಭಾಷಣಕ್ಕೆ ಇಳಿದರೆ ಸಮಯ ನೋಡುವವರು ನಿಲ್ಲಿಸುತ್ತಾರೆ. ಸದಸ್ಯತ್ವ ಬಿಡಿ ವ್ಯಕ್ತಿಗಳದ್ದಲ್ಲ, ಪ್ಯಾರಿಷ್‌ಗಳದ್ದು. ಅವು ವಂತಿಗೆ ಕಟ್ಟುತ್ತವೆ. ನಾಯಕ ಬದಲಾದರೂ ಸಂಘಟನೆ ಉಳಿದದ್ದು ಅದರಿಂದ.

ಇದೇ ನಗರದಲ್ಲಿ 1974ರಲ್ಲಿ ವಿಲಿ ವೆಲಾಸ್ಕೆಸ್ ಮತದಾರರ ನೋಂದಣಿ ಯೋಜನೆಯೊಂದನ್ನು ಕಟ್ಟಿದರು, ‘ನಿಮ್ಮ ಮತವೇ ನಿಮ್ಮ ದನಿ’ ಎಂಬ ಸ್ಪ್ಯಾನಿಷ್ ಘೋಷಣೆಯೊಂದಿಗೆ. 1975ರಲ್ಲಿ ಮತದಾನ ಹಕ್ಕು ಕಾಯ್ದೆಯನ್ನು ಭಾಷಾ ಅಲ್ಪಸಂಖ್ಯಾತರಿಗೂ ವಿಸ್ತರಿಸಿದಾಗ ಟೆಕ್ಸಾಸ್ ಅದರ ಕಣ್ಗಾವಲಿಗೆ ಬಂತು, ಅಂದರೆ ಚುನಾವಣೆಗೆ ಸಂಬಂಧಿಸಿದ ಬದಲಾವಣೆಗಳಿಗೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಸ್ಯಾನ್ ಆಂಟೋನಿಯೊ 1972ರಲ್ಲಿ ಹೊರವಲಯಗಳನ್ನು ಸೇರಿಸಿಕೊಂಡದ್ದು ಮೆಕ್ಸಿಕನ್ ಅಮೆರಿಕನ್ ಮತವನ್ನು ನೀರಾಗಿಸಿದೆ ಎಂದು 1976ರಲ್ಲಿ ಕೇಂದ್ರ ನ್ಯಾಯ ಇಲಾಖೆ ಆಕ್ಷೇಪಿಸಿತು. 1977ರ ಜನವರಿಯಲ್ಲಿ ಅತಿ ಕಡಿಮೆ ಅಂತರದಲ್ಲಿ ವಾರ್ಡು ಪದ್ಧತಿಗೆ ಒಪ್ಪಿಗೆ ಸಿಕ್ಕಿತು: ಹತ್ತು ವಾರ್ಡು, ಜತೆಗೊಬ್ಬ ಮೇಯರ್. ಅದೇ ವರ್ಷದ ಚುನಾವಣೆಯಲ್ಲಿ ಐವರು ಮೆಕ್ಸಿಕನ್ ಅಮೆರಿಕನ್ನರು ಗೆದ್ದರು. 1981ರಲ್ಲಿ ಹೆನ್ರಿ ಸಿಸ್ನೆರೋಸ್ ಮೇಯರ್ ಆದರು. ನಗರದ ಜನ ಅವರೇ. ಗೆರೆ ಬದಲಾದಾಗ ಫಲಿತಾಂಶ ಬದಲಾಯಿತು.

1975ರ ಆ ತಿದ್ದುಪಡಿಯ ಇನ್ನೊಂದು ಫಲ 203ನೇ ಕಲಂ. ಒಂದು ಭಾಷಾಗುಂಪಿನ, ಇಂಗ್ಲಿಷ್ ಚೆನ್ನಾಗಿ ಬಾರದ ಅರ್ಹ ಮತದಾರರು 10,000ಕ್ಕಿಂತ ಹೆಚ್ಚಿದ್ದರೆ ಅಥವಾ ಶೇ 5 ಮೀರಿದರೆ, ಜತೆಗೆ ಅವರ ಅನಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚಿದ್ದರೆ, ಮತಪತ್ರದಿಂದ ಹಿಡಿದು ನೋಟಿಸಿನವರೆಗೆ ಎಲ್ಲವೂ ಆ ಭಾಷೆಯಲ್ಲೂ ಇರಬೇಕು. 2021ರ ಪಟ್ಟಿಯಲ್ಲಿ 331 ಆಡಳಿತ ಘಟಕಗಳಿದ್ದವು. ಭಾರತೀಯ ಭಾಷೆಗಳಿಗೂ ಇದರಿಂದ ದಾರಿಯಾಯಿತು: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 2011ರ ನಂತರ ಬಂಗಾಳಿ ಮತಪತ್ರ ಬಂದದ್ದು ಇದೇ ಕಲಮಿನಿಂದ. ಆಚರಣೆಯಲ್ಲಿ ಎಡವುವುದು ಸಣ್ಣ ವಿವರಗಳಲ್ಲಿ. 2012ರಲ್ಲಿ ಅರಿಜೋನಾದ ಮಾರಿಕೋಪಾ ಕೌಂಟಿ ಕೊಟ್ಟ ಕೆಲವು ಕಾಗದಗಳಲ್ಲಿ ಮತದಾನದ ದಿನ ಇಂಗ್ಲಿಷಿನಲ್ಲಿ ನವೆಂಬರ್ 6 ಎಂದು ಸರಿಯಾಗಿದ್ದು, ಸ್ಪ್ಯಾನಿಷಿನಲ್ಲಿ ನವೆಂಬರ್ 8 ಎಂದಿತ್ತು. ಎರಡು ಭಾಷೆ ಬಲ್ಲವರೊಬ್ಬರು ಅಚ್ಚಿಗೆ ಮೊದಲು ಕರಡು ಓದಿದ್ದರೆ ಸಾಕಿತ್ತು.

ಸ್ಪ್ಯಾನಿಷ್ ಇದ್ದರೆ ಎಲ್ಲರಿಗೂ ತಲುಪಿತು ಎಂಬುದೂ ತಪ್ಪು ಎಣಿಕೆ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಸುತ್ತಲಿನ ಸ್ಟ್ರಾಬೆರಿ ಹೊಲಗಳಲ್ಲಿ ದುಡಿಯುವ ಸಾವಿರಾರು ಜನರ ಮನೆಮಾತು ಮೆಕ್ಸಿಕೊದ ಮಿಸ್ಟೆಕೊ. ಅವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಬರುವುದೇ ಇಲ್ಲ. ಅಲ್ಲಿನ ಮಿಕೊಪ್ ಎಂಬ ಸಂಘಟನೆ ಕರಪತ್ರಕ್ಕಿಂತ ರೇಡಿಯೊವನ್ನು ನೆಚ್ಚಿಕೊಂಡಿದೆ, ಮಿಸ್ಟೆಕೊದಂಥ ಮೂಲನಿವಾಸಿ ಭಾಷೆಗಳಲ್ಲೇ ಪ್ರಸಾರ ಮಾಡುತ್ತದೆ. 2020ರ ಗಣತಿಯಲ್ಲಿ ಅಮೆರಿಕನ್ ಇಂಡಿಯನ್ ಎಂದು ಮಾತ್ರ ಗುರುತಿಸಿಕೊಂಡವರ ಪೈಕಿ ಅತಿ ದೊಡ್ಡ ಗುಂಪು ಮೆಕ್ಸಿಕೊದ ಮೂಲನಿವಾಸಿಗಳ ಹೆಸರಾದ ‘ಆಜ್ಟೆಕ್’ ಎಂದು ಬರೆದವರದ್ದು, 3,87,122 ಮಂದಿ. ಗಣತಿಯ ಫಾರಂನಲ್ಲಿ ಇಂಥವರಿಗೆ ಎರಡು ಮನೆ, ಲ್ಯಾಟಿನೊ ಮೂಲ ಒಂದು, ಅಮೆರಿಕನ್ ಇಂಡಿಯನ್ ಜನಾಂಗ ಇನ್ನೊಂದು. ಎರಡರಲ್ಲೂ ಅರ್ಧ ಜಾಗ.

ಮುಂದಿನ ಬದಲಾವಣೆ ಆಗಲೇ ಕಾಗದದ ಮೇಲಿದೆ. 2024ರ ಮಾರ್ಚ್ 28ರಂದು ಕೇಂದ್ರ ಸರ್ಕಾರ ಹೊರಡಿಸಿದ ಹೊಸ ಮಾನದಂಡದ ಪ್ರಕಾರ ಮೂಲ ಮತ್ತು ಜನಾಂಗದ ಎರಡು ಪ್ರಶ್ನೆಗಳು ಒಂದಾಗುತ್ತವೆ. ಏಳು ವರ್ಗ, ‘ಹಿಸ್ಪಾನಿಕ್ ಅಥವಾ ಲ್ಯಾಟಿನೊ’ ಅದರಲ್ಲೊಂದು, ಎಷ್ಟಕ್ಕೆ ಬೇಕಾದರೂ ಗುರುತು ಹಾಕಬಹುದು. ‘ಇನ್ನಿತರ’ ಎಂದು ಅಲೆಯುತ್ತಿದ್ದವರಿಗೆ ಒಂದು ಜಾಗ ಸಿಕ್ಕಂತಾಯಿತು. ಆದರೆ ಡೊಮಿನಿಕನ್, ಪನಾಮಾ ಮೂಲದ ಕರಿಯ ಲ್ಯಾಟಿನೊಗಳನ್ನು ಅಧ್ಯಯನ ಮಾಡುವವರು ಆಗಲೇ ಎಚ್ಚರಿಸಿದ್ದಾರೆ. ಹಿಂದೆ ಎರಡು ಪ್ರಶ್ನೆಗಳಿದ್ದಾಗ ಎರಡಕ್ಕೂ ಉತ್ತರಿಸಲೇಬೇಕಿತ್ತು. ಒಂದೇ ಪ್ರಶ್ನೆಯಾದರೆ ಅನೇಕರು ‘ಲ್ಯಾಟಿನೊ’ ಎಂಬ ಒಂದು ಗುರುತಿಗೆ ನಿಂತುಬಿಡಬಹುದು, ವಸತಿ, ಆರೋಗ್ಯ, ಪೊಲೀಸ್ ತಾರತಮ್ಯದ ಲೆಕ್ಕದಿಂದ ಅವರ ಕರಿಯ ಗುರುತು ಮರೆಯಾಗಬಹುದು. ಈ ಮಾನದಂಡ ಉಳಿದು 2030ರ ಫಾರಂಗೆ ಬಂದರೆ, ಆ ಅಂಕಿಗಳನ್ನು 2020ರ ಅಂಕಿಗಳ ಪಕ್ಕದಲ್ಲಿಟ್ಟು ‘ಇಷ್ಟು ಏರಿತು, ಅಷ್ಟು ಇಳಿಯಿತು’ ಎಂದು ಬರೆಯುವವರು ಮೊದಲು ಎರಡೂ ಫಾರಂಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.